ಶಾಲು ಸಾಕು, ಗೇಟು ತೆಗೀರಿ

ಏಪ್ರಿಲ್ 14 ಬಂದರೆ ಅಗ್ನಿಶಾಮಕದವರಿಗೆ ಶಾಲು. ಮೇ 12ಕ್ಕೆ ನರ್ಸ್‌ಗಳಿಗೆ ಗುಲಾಬಿ. ಜುಲೈ 26ಕ್ಕೆ ಮಾಜಿ ಸೈನಿಕರಿಗೆ ಮೈಸೂರು ಪೇಟ, ಹಣ್ಣಿನ ಬುಟ್ಟಿ. ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಈ ಕ್ಯಾಲೆಂಡರ್ ತಪ್ಪೋದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಬೆಳಿಗ್ಗೆ ಹತ್ತಕ್ಕೆ ಕರೆದು, ಮುಖ್ಯ ಅತಿಥಿ ಹನ್ನೆರಡಕ್ಕೆ ಬರುವ ತನಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಸನ್ಮಾನ ಮಾಡ್ತೀವಿ. ಏಪ್ರಿಲ್ 14 ಯಾಕೆ ಅಂತ ವೇದಿಕೆ ಮೇಲಿರುವವರನ್ನು ಕೇಳಿದರೆ ಅರ್ಧ ಜನಕ್ಕೆ ಗೊತ್ತಿರಲ್ಲ. 1944ರಲ್ಲಿ ಅವತ್ತು ಮುಂಬೈ ಬಂದರಿನಲ್ಲಿ ಸ್ಫೋಟಕ ತುಂಬಿದ ಹಡಗು ಸಿಡಿದು, ಬೆಂಕಿ ಆರಿಸುತ್ತಿದ್ದ 66 ಸಿಬ್ಬಂದಿ ಸತ್ತರು.

ಆಶಾ ಕಾರ್ಯಕರ್ತೆಯರನ್ನೇ ನೋಡಿ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು, ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾಗಳು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತಿದ್ದರು. ಆಗ ಸ್ಟೇಟಸ್ ಹಾಕಿದವರು ಎಷ್ಟು ಜನ?

ಶಾಲು ಬೇಡ ಅಂತಲ್ಲ. ಆದರೆ ಇವರ ಕೆಲಸ ಕಷ್ಟ ಆಗೋದರಲ್ಲಿ ಒಂದು ಪಾಲು ನಮ್ಮದೇ. ಆ ಪಾಲನ್ನು ನಾವು ತೆಗೆದು ಹಾಕಬಹುದು. ಖರ್ಚೂ ಹೆಚ್ಚಿಲ್ಲ.

ಮೊದಲು 108. ಈ ಸೇವೆ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಇದೆ. ಇಷ್ಟು ವರ್ಷ ಆದರೂ ಫೋನ್ ಮಾಡಿದವರು ಮೊದಲು ಹೇಳೋದು "ಬೇಗ ಬನ್ನಿ, ಬೇಗ ಬನ್ನಿ". ಎಲ್ಲಿಗೆ? "ಹೊಸಹಳ್ಳಿಗೆ." ನಮ್ಮ ಎರಡು ಜಿಲ್ಲೆಯಲ್ಲಿ ಹೊಸಹಳ್ಳಿ, ಹೊಸೂರು, ಕೊಪ್ಪಲು ಎಷ್ಟಿವೆ ಅಂತ ಎಣಿಸಿದವರಿಲ್ಲ. ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಆಮೇಲೆ ಊರು ಅನ್ನೋ ಕ್ರಮದಲ್ಲಿ ಹೇಳಿ. ಹೆದ್ದಾರಿ ಆದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ಯಾವ ಕಡೆ ಹೋಗುವ ರಸ್ತೆ ಅನ್ನೋದು. ತೋಟದ ಒಳಗಾದರೆ ಹತ್ತಿರದ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಬರೆದ ನಂಬರ್ ನೋಡಿ ಹೇಳಿ. ಆಂಬುಲೆನ್ಸ್‌ನವರಿಗೆ ಅರ್ಥ ಆಗದಿದ್ದರೂ ಊರಿನ ಪವರ್‌ಮ್ಯಾನ್‌ಗೆ ಅದು ಯಾವ ತೋಟ ಅಂತ ತಕ್ಷಣ ಗೊತ್ತಾಗುತ್ತೆ, ಅವರನ್ನು ಕೇಳಿದರೆ ದಾರಿ ಸಿಗುತ್ತೆ. ಎಷ್ಟು ಜನಕ್ಕೆ ಪೆಟ್ಟು, ಉಸಿರಾಡ್ತಿದ್ದಾರಾ, ವಾಹನದೊಳಗೆ ಸಿಕ್ಕಿಹಾಕಿಕೊಂಡಿದ್ದಾರಾ, ಇಷ್ಟು ಸಾಕು. ಆಮೇಲೆ ಅದೇ ಫೋನಿಂದ ನೆಂಟರಿಗೆಲ್ಲ ಸುದ್ದಿ ಹೇಳುತ್ತ ಕೂರಬೇಡಿ. ಆಂಬುಲೆನ್ಸ್ ಓಡಿಸುವ ಪೈಲಟ್ ವಾಪಸ್ ಮಾಡೋದು ಆ ನಂಬರಿಗೇ, ಅದು ಬ್ಯುಸಿ ಬಂದರೆ ಅವರು ಕ್ರಾಸ್‌ನಲ್ಲಿ ನಿಂತು ಎಡಕ್ಕೋ ಬಲಕ್ಕೋ ಅಂತ ಯೋಚನೆ ಮಾಡ್ತಿರ್ತಾರೆ. ಒಬ್ಬರು ಟಾರ್ಚ್ ಹಿಡಿದು ಮುಖ್ಯ ರಸ್ತೆಯ ತಿರುವಿನಲ್ಲಿ ನಿಲ್ಲಲಿ. ಇನ್ನೊಬ್ಬರು ನಾಯಿ ಕಟ್ಟಿಹಾಕಿ ಗೇಟು ತೆಗೆದಿಡಲಿ. ತೋಟದ ಗೇಟಿನ ಬೀಗದ ಕೈ ಲೆಕ್ಕಪತ್ರ ನೋಡುವ ರೈಟರ ಹತ್ತಿರ, ರೈಟರು ಪೇಟೆಯಲ್ಲಿ: ಇದು ನಮ್ಮ ಕಡೆ ಹೊಸ ಕಥೆಯೇನಲ್ಲ.

ಘಾಟಿಯ ವಿಷಯ ಬೇರೆ. ಸಕಲೇಶಪುರದ ಕಡೆಯವರು ಶಿರಾಡಿ ಇಳಿದು, ಮೂಡಿಗೆರೆ ಕಡೆಯವರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ರೋಗಿಯನ್ನು ಮಂಗಳೂರಿಗೆ ಒಯ್ಯುತ್ತಾರೆ. ಮಳೆಗಾಲದಲ್ಲಿ ಚಾರ್ಮಾಡಿಯ ಝರಿ ಮುಂದೆ ಫೋಟೋ ತೆಗೆಯಲು ಕಾರು ನಿಲ್ಲಿಸಿದಿರೋ, ರಸ್ತೆ ಒಂದೇ ವಾಹನದಷ್ಟು ಉಳಿಯುತ್ತೆ. ಸೈರನ್ ಕೇಳಿದ ಕೂಡಲೇ ಬ್ರೇಕ್ ಹಾಕೋದೂ ತಪ್ಪು. ತಿರುವಿನಲ್ಲಿ ನಿಂತ ಕಾರನ್ನು ಆಂಬುಲೆನ್ಸ್ ದಾಟಲು ಆಗಲ್ಲ, ಎದುರಿನಿಂದ ಏನು ಬರ್ತಿದೆ ಅಂತ ಕಾಣಲ್ಲ. ತಿರುವು ದಾಟಿ, ನೇರ ಜಾಗ ಸಿಕ್ಕ ಮೇಲೆ ಎಡಕ್ಕೆ ಒತ್ತಿ ನಿಲ್ಲಿಸಿ. ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಪ್ರಕಾರ ಹತ್ತು ಸಾವಿರ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕೋರ್ಟು ಕಚೇರಿ ಸುತ್ತಿಸ್ತಾರೆ ಅನ್ನೋ ಭಯ ಇನ್ನೂ ಇದೆ. ಅದೇ ಕಾಯ್ದೆಯ 134ಎ ನಿಮಗೆ ರಕ್ಷಣೆ ಕೊಡುತ್ತೆ, ಹೆಸರು ಹೇಳಲೇಬೇಕು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ.

ಅಗ್ನಿಶಾಮಕ ವಾಹನಕ್ಕೆ ಬೇಕಾದ್ದು ಅಗಲ ಮತ್ತು ನೀರು. ದೊಡ್ಡ ಗಾಡಿಯಲ್ಲಿ ಸುಮಾರು 4,500 ಲೀಟರ್ ಹಿಡಿಯುತ್ತೆ, ಅಂದರೆ ನೀರಿನ ತೂಕವೇ ನಾಲ್ಕೂವರೆ ಟನ್. ನಿಮ್ಮ ತೋಟದ ಮೋರಿ ಅದನ್ನು ತಾಳುತ್ತಾ? ಗೇಟು ಕನಿಷ್ಠ 12 ಅಡಿ ಇರಲಿ, ಮೇಲೆ 14 ಅಡಿವರೆಗೆ ಕಮಾನು, ಕೊಂಬೆ, ಕೇಬಲ್ ಇರಬಾರದು. ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ಕಮಾನಿನ ಕೆಳಗೆ ಫೈರ್ ಎಂಜಿನ್ ನಿಂತು, ಸಿಬ್ಬಂದಿ ಹೋಸ್ ಹೊತ್ತು ಓಡುವ ಹಾಗೆ ಆಗಬಾರದು. ನಿಮಿಷಕ್ಕೆ 450 ಲೀಟರ್ ಬಿಟ್ಟರೂ ಟ್ಯಾಂಕ್ ಹತ್ತೇ ನಿಮಿಷಕ್ಕೆ ಖಾಲಿ. ಆದ್ದರಿಂದ ಅವರು ಬಂದ ಕೂಡಲೇ ತೋರಿಸಬೇಕಾದ್ದು ಕೆರೆ, ಹೊಂಡ. ಪಂಪ್ ಇರುವ ಮಟ್ಟದಿಂದ ನೀರು ಏಳು ಮೀಟರಿಗಿಂತ ಕೆಳಗಿದ್ದರೆ ಎಳೆಯೋದು ಕಷ್ಟ; ಬೇಸಿಗೆಯಲ್ಲಿ ತಳ ಸೇರಿದ ಆಳದ ಬಾವಿ ತೋರಿಸಿ ಪ್ರಯೋಜನ ಇಲ್ಲ. ಹೊಂಡದ ಅಂಚಿಗೆ ಗಾಡಿ ಹೋಗುವ ಒಂದು ಗಟ್ಟಿ ದಾರಿ ಬಿಟ್ಟಿರಿ.

ಇನ್ನು ಯಾರೂ ಶಾಲು ಹೊದಿಸದ ಒಬ್ಬರ ವಿಷಯ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಮೊದಲು ರಸ್ತೆಗೆ ಇಳಿಯುವವರು ಪವರ್‌ಮ್ಯಾನ್‌ಗಳು. ಕರೆಂಟ್ ಕೊಡೋದು ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್. ಕಂಪನಿ ಬೇರೆ, ಬೀಳುವ ಸಿಲ್ವರ್ ಓಕ್ ಮರ ಒಂದೇ. ಇವರನ್ನು ಕೊಲ್ಲುವ ಒಂದು ವಸ್ತು ನಮ್ಮ ಮನೆಯಲ್ಲೇ ಇರಬಹುದು, ಜನರೇಟರ್. ಕರೆಂಟ್ ಹೋದಾಗ ಜನರೇಟರ್ ಶುರು ಮಾಡಿ, ಎರಡೂ ತುದಿಗೆ ಪಿನ್ ಇರುವ ವೈರನ್ನು ಯಾವುದೋ ಸಾಕೆಟ್‌ಗೆ ಚುಚ್ಚಿ ಇಡೀ ಮನೆಗೆ ಕೊಡುವವರಿದ್ದಾರೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಆ 230 ವೋಲ್ಟ್ ಸರ್ವೀಸ್ ವೈರ್ ಹಿಡಿದು ಟಿಸಿಗೆ ಹೋಗುತ್ತೆ. ಟಿಸಿ ಎರಡೂ ಕಡೆಗೆ ಕೆಲಸ ಮಾಡುತ್ತೆ: ಆ ಕಡೆಯಿಂದ 11,000 ಬಂದರೆ ಈ ಕಡೆ 230, ಈ ಕಡೆಯಿಂದ 230 ಹೋದರೆ ಆ ಕಡೆ 11,000. ವಿದ್ಯುತ್ ಸ್ಟೇಷನ್ನಿನಿಂದ ಲೈನ್ ಆಫ್ ಮಾಡಿದ್ದೀವಿ ಅನ್ನೋ ಅನುಮತಿ, ಅಂದರೆ ಎಲ್‌ಸಿ ತಗೊಂಡು, ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದವರ ಕೈಗೆ ಅದು ಸಿಗುತ್ತೆ. ಲೈನಿಗೆ ಅರ್ತ್ ಮಾಡಿಕೊಂಡೇ ಹತ್ತಬೇಕು ಅನ್ನೋ ನಿಯಮ ಇದೆ, ನಿಜ. ಜಡಿಮಳೆಯಲ್ಲಿ, ಕತ್ತಲಲ್ಲಿ, "ಇನ್ನೂ ಎಷ್ಟೊತ್ರೀ" ಅಂತ ಇಪ್ಪತ್ತು ಫೋನ್ ಬರುವಾಗ ಯಾವುದಾದರೂ ಒಂದು ಹಂತ ತಪ್ಪಿಹೋಗಬಹುದು.

ಪರಿಹಾರ ಚೇಂಜ್‌ಓವರ್ ಸ್ವಿಚ್. ಸಿಂಗಲ್ ಫೇಸ್‌ಗೆ ಎರಡು ಪೋಲ್, ತ್ರೀ ಫೇಸ್‌ಗೆ ನಾಲ್ಕು ಪೋಲ್, ಅಂದರೆ ನ್ಯೂಟ್ರಲ್ ಕೂಡ ಕಟ್ ಆಗಬೇಕು. ಹಿಡಿಕೆ ಒಂದು ಕಡೆ ಇದ್ದರೆ ಲೈನು, ಇನ್ನೊಂದು ಕಡೆ ಇದ್ದರೆ ಜನರೇಟರ್, ನಡುವೆ ಆಫ್. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲದ ಹಾಗೆ ಅದರ ರಚನೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಜನರೇಟರ್ ಬೆಲೆ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯೋದು, ಮಾಡಿಸುವಾಗ ಲೈನ್ ಪಕ್ಕದ ಕೊಂಬೆಗಳನ್ನೂ ತೆಗೆಸಿ, ಆದರೆ ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೆ ಮಾತ್ರ. ಕರೆಂಟ್ ಹೋದಾಗ ಫೋನ್ ಮಾಡಿ "ಕರೆಂಟಿಲ್ಲ" ಅನ್ನಬೇಡಿ. ಎಲ್ಲಿ ಮರ ಬಿದ್ದಿದೆ, ಎಷ್ಟನೇ ಕಂಬ, ತಂತಿ ನೆಲಕ್ಕೆ ಬಿದ್ದಿದೆಯಾ ಅಂತ ಹೇಳಿ. ಅಷ್ಟು ಹೇಳಿದರೆ ಅವರು ರಾತ್ರಿ ಜಿಗಣೆ ಕಚ್ಚಿಸಿಕೊಂಡು ಕಾಡಿನೊಳಗೆ ಲೈನ್ ಹಿಡಿದು ನಡೆಯೋದು ತಪ್ಪುತ್ತೆ.

ಆನೆ ಕಾರ್ಯಪಡೆಯವರ ಬಗ್ಗೆ ಒಂದೇ ಮಾತು: ಮೊಬೈಲ್ ಒಳಗಿಡಿ. ಎಂಟು ಸಲ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತಾಗ ರಾಜ್ಯವೇ ಅತ್ತಿತು. ಅದಕ್ಕೆ ಮೂರು ತಿಂಗಳು ಮುಂಚೆ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಆನೆಗೆ ಅರಿವಳಿಕೆ ಕೊಡಲು ಹೋದ ಶಾರ್ಪ್‌ಶೂಟರ್ ಒಬ್ಬರು ಪ್ರಾಣ ಬಿಟ್ಟಿದ್ದು ಎಷ್ಟು ಜನಕ್ಕೆ ನೆನಪಿದೆ? ಮದ್ದು ಚುಚ್ಚಿದ ಮೇಲೂ ಅದು ಹತ್ತಲು ಹಲವು ನಿಮಿಷ ಬೇಕು. ಆ ಹೊತ್ತಲ್ಲಿ ಬೇಲಿ ಪಕ್ಕ ನಿಂತು ಲೈವ್ ಕೊಡುವವರ ಗಲಾಟೆಗೆ ಆನೆ ಯಾವ ಕಡೆಗೂ ತಿರುಗಬಹುದು.

ಸೈನಿಕರಿಗೆ ಬರೋಣ. ತೆರೆದ ಜೀಪಿನಲ್ಲಿ ಮೆರವಣಿಗೆ ಚೆನ್ನಾಗಿಯೇ ಇರುತ್ತೆ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಊರಿಗೆ ಬಂದವರ ರಜೆಯಲ್ಲಿ ಎಷ್ಟು ದಿನ ತಾಲ್ಲೂಕು ಕಚೇರಿ ಬಾಗಿಲಲ್ಲಿ ಕಳೆಯುತ್ತೆ ಅಂತ ಅವರ ಮನೆಯವರನ್ನೇ ಕೇಳಿ. ಪೋಡಿ, ಖಾತೆ, ಪಹಣಿ ತಿದ್ದುಪಡಿ. ಅವರು ಬರುವ ಮೊದಲೇ ದಾಖಲೆ ತೆಗೆಸಿ, ಅರ್ಜಿ ಹಾಕಿಸಿ, ಸಹಿ ಒಂದೇ ಬಾಕಿ ಇರುವ ಹಾಗೆ ಸಿದ್ಧ ಮಾಡಿಡುವ ನೆರೆಯವರು ದೊಡ್ಡವರು. ಬೇಲಿ ಜಗಳ ಕೋರ್ಟಿಗೆ ಹೋಗಿದ್ದರೆ ಗೊತ್ತಿರಲಿ, 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಅಂತ ಒಂದಿದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕರು ಹಾಜರಾಗಲು ಆಗದಿದ್ದಾಗ ಸಿವಿಲ್ ದಾವೆಯನ್ನು ಮುಂದೂಡಲು ಅದರಲ್ಲಿ ಅವಕಾಶ ಇದೆ. ವಕೀಲರಿಗೆ ನೆನಪಿಸಿ.

ಕಾಫಿಪುಡಿ, ಚಕ್ಕುಲಿ ಕಳಿಸೋದಾದರೆ ಹೆಸರು, ಸರ್ವೀಸ್ ನಂಬರ್, ಯೂನಿಟ್, ಆಮೇಲೆ ಸೈನ್ಯದ ಅಂಚೆ ಕಚೇರಿ, ಅಂದರೆ 56 ಎಪಿಒ ಅಥವಾ 99 ಎಪಿಒ, 9ರಿಂದ ಶುರುವಾಗುವ ಪಿನ್ ಕೋಡ್. ಅವರು ಈಗಿರುವ ಊರಿನ ಹೆಸರು ಬರೆಯಬೇಡಿ. ಫೇಸ್‌ಬುಕ್ಕಿನಲ್ಲೂ ಬರೆಯಬೇಡಿ, "ನಮ್ಮ ಹುಡುಗ ಇವತ್ತು ಇಂಥ ಕಡೆ ಹೊರಟ" ಅನ್ನೋ ಪೋಸ್ಟು ಅಭಿಮಾನದ್ದೇ, ಅಪಾಯದ್ದೂ ಹೌದು.

2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಹೋದವರಲ್ಲಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಇದ್ದರು. ಇಂಥ ಸಾವಿಗೆ ಊರೇ ಸೇರುತ್ತೆ. ಸೈನಿಕರ ಮನೆಗಳಲ್ಲಿ ಜನ ಬೇಕಾಗೋದು ಹದಿಮೂರನೇ ದಿನದ ಮೇಲೆ. ಸೈನ್ಯದ ದಾಖಲೆಯಲ್ಲಿ ಹೆಂಡತಿ ಹೆಸರು ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ ಅಂತಿದ್ದರೆ ಪಿಂಚಣಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಸೇವೆಯಲ್ಲಿರುವಾಗಲೇ ಮನೆಯವರ ವಿವರ ದಾಖಲಾಗುವ ಸೈನ್ಯದ ಪಾರ್ಟ್ ಟು ಆರ್ಡರ್‌ನಲ್ಲಿ ಹೆಂಡತಿ, ಮಕ್ಕಳ ಹೆಸರು, ಹುಟ್ಟಿದ ದಿನ ಆಧಾರ್‌ಗೆ ಹೊಂದುತ್ತಾ ಅಂತ ನೋಡಿಸಿ. ಆಮೇಲಿನದಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಗೆ ಆ ತಾಯಿಯ ಜೊತೆ ಹೋಗಿ ಕೂರುವವರು ಬೇಕು. ಡಿಸೆಂಬರ್ 7ರ ಧ್ವಜ ದಿನದ ಹಣ ಇಂಥ ಕುಟುಂಬಗಳಿಗೇ ಅನ್ನೋದೂ ತಿಳಿದಿರಲಿ.

ಕೊನೆಗೆ, ಯೂನಿಫಾರಂ ಇಲ್ಲದವರು. ಮನೆಯಲ್ಲಿ ಪಾರ್ಶ್ವವಾಯು ಆಗಿ ಮಲಗಿದ ಅತ್ತೆ, ಮರೆವಿನ ಮಾವ, ಅವರನ್ನು ನೋಡಿಕೊಳ್ಳುವ ಸೊಸೆ ಅಥವಾ ಮಗಳು. ಬಂದವರೆಲ್ಲ "ಅತ್ತೆ ಹೇಗಿದ್ದಾರೆ" ಅಂತಾರೆ, "ನೀನು ನಿದ್ದೆ ಮಾಡಿದ್ಯೇನಮ್ಮ" ಅಂತ ಕೇಳುವವರಿಲ್ಲ. ಲೆಕ್ಕ ಹಾಕಿ. ಹಾಸಿಗೆ ಹುಣ್ಣು ಆಗಬಾರದು ಅಂದರೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ನೋಡಿಕೊಳ್ಳುವವಳು ವರ್ಷಾನುಗಟ್ಟಲೆ ಒಂದೇ ಸಮ ಎರಡು ಗಂಟೆಗಿಂತ ಹೆಚ್ಚು ಮಲಗಿರಲ್ಲ. ಏರ್ ಬೆಡ್ ತಂದಿದ್ದೀವಲ್ಲ ಅಂತ ಬೆಂಗಳೂರಿನ ಮಗ ಫೋನಲ್ಲಿ ಹೇಳ್ತಾನೆ. ಏರ್ ಬೆಡ್ ಇದ್ದರೂ ಮಗ್ಗಲು ಬದಲಿಸೋದು ತಪ್ಪೋದಿಲ್ಲಪ್ಪ.

ನಾವು ನೋಡಲು ಹೋಗೋದು ಬ್ರೆಡ್ಡು, ಸೇಬು, ಹಾರ್ಲಿಕ್ಸ್ ಹಿಡಿದು. ರೋಗಿಗೆ ಸಕ್ಕರೆ ಕಾಯಿಲೆ. ಅವಳು ಎದ್ದು ಕಾಫಿ ಮಾಡ್ತಾಳೆ, ನಾಲ್ಕು ಜನಕ್ಕೆ, ನಮ್ಮ ಕಡೆಯ ಕಾಫಿ ಬೇರೆ, ಒಂದು ಲೋಟಕ್ಕೆ ನಿಲ್ಲಲ್ಲ. ಹೊರಡುವಾಗ "ಏನಾದ್ರೂ ಬೇಕಿದ್ರೆ ಹೇಳಮ್ಮ" ಅಂತೀವಿ. ಏನು ಬೇಕು ಅಂತ ಯೋಚಿಸಿ, ಸಂಕೋಚ ಬಿಟ್ಟು ಕೇಳೋದೂ ಅವಳ ಕೆಲಸಕ್ಕೇ ಸೇರಿತು. ಅದರ ಬದಲು "ಪ್ರತಿ ಸಂತೆ ದಿನ ಹತ್ತರಿಂದ ಒಂದರ ತನಕ ನಾನು ಕೂರ್ತೀನಿ" ಅನ್ನಿ. ಸೇಬಿನ ದುಡ್ಡಲ್ಲಿ ವಯಸ್ಕರ ಡೈಪರ್, ಹಾಸಿಗೆ ಮೇಲೆ ಹಾಸುವ ಪ್ಯಾಡ್ ತನ್ನಿ, ಸೈಜು ಮೊದಲೇ ಕೇಳಿಕೊಂಡು.

ಮೊದಲ ಸಲ ಅವಳು ಮನೆಯಲ್ಲೇ ಇರುವಾಗ ಹೋಗಿ ಒಂದು ಗಂಟೆ ಕಲಿಯಿರಿ. ಮಗ್ಗಲು ಪೂರ್ತಿ ತಿರುಗಿಸೋದಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸೋದು. ಮಂಡಿಗಳ ನಡುವೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲಿನ ಕೆಳಗೆ ಒಂದು. ಎಳೆಯಬೇಡಿ, ಚರ್ಮ ಸುಲಿಯುತ್ತೆ. ಕೆಳಗೆ ಹಾಸಿದ ಬೆಡ್‌ಶೀಟ್ ಹಿಡಿದು ಇಬ್ಬರು ಎತ್ತಿ ಸರಿಸಿ. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಮೊಣಕೈ ಕೆಂಪಾಗಿದೆಯಾ ನೋಡಿ. ಕೆಂಪಾದ ಕಡೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು, ಒಳಗಿನ ಮಾಂಸಕ್ಕೆ ಅದರಿಂದ ಇನ್ನೂ ಪೆಟ್ಟು. ಊಟ ಕೊಡುವಾಗ ತಲೆದಿಕ್ಕು ಚೆನ್ನಾಗಿ ಎತ್ತರಿಸಿ, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ, ನೀರು ಕುಡಿಸಿ ಸರಿ ಮಾಡಲು ಹೋಗಬೇಡಿ. ಮೂಗಿನ ನಳಿಕೆಯಲ್ಲಿ ಆಹಾರ ಕೊಡೋದು ಕಲಿತವರ ಕೆಲಸ, ಅದನ್ನು ಅವಳು ಹೋಗುವ ಮೊದಲು ಅಥವಾ ಬಂದ ಮೇಲೆ ಮಾಡಿಕೊಳ್ಳಲಿ. ಮಾತ್ರೆಯ ಹೊತ್ತು, ಡಾಕ್ಟರ ನಂಬರ್, ಯಾವುದಕ್ಕೆ ಅವಳಿಗೆ ಫೋನ್ ಮಾಡಬೇಕು ಅನ್ನೋದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

ಆ ಮೂರು ಗಂಟೆ ಅವಳು ಎಲ್ಲಿ ಹೋದಳು ಅಂತ ಕೇಳಬೇಡಿ. ತವರಿಗೆ ಹೋಗಿರಬಹುದು, ಪಕ್ಕದ ರೂಮಲ್ಲಿ ಬಾಗಿಲು ಹಾಕಿಕೊಂಡು ಮಲಗಿರಬಹುದು. ವಾಪಸ್ ಬಂದಾಗ ಹೇಳಬೇಕಾದ್ದು ಎರಡೇ: ಎಷ್ಟು ಹೊತ್ತಿಗೆ ಯಾವ ಮಗ್ಗಲಿಗೆ ತಿರುಗಿಸಿದಿರಿ, ಏನು ತಿಂದರು. ಅವಳು "ಕೂತ್ಕೊಳ್ಳಿ ಅಕ್ಕ, ಒಂದು ಲೋಟ ಕಾಫಿ" ಅಂದರೆ, ಕುಡಿಯದೆ ಹೊರಡಿ.