ತನ್ನ ಹಾಡಿಗೆ ತಾನೇ ಕಳ್ಳ

ಹಾಡು ಯೂಟ್ಯೂಬ್‌ಗೆ ಏರಿ ಅರ್ಧ ಗಂಟೆಯೂ ಆಗಿರಲಿಲ್ಲ, ಇಮೇಲ್ ಬಂತು. ನಿಮ್ಮ ವಿಡಿಯೊದಲ್ಲಿ ಬೇರೆಯವರ ಹಕ್ಕಿನ ಸಂಗೀತ ಪತ್ತೆಯಾಗಿದೆಯಂತೆ. ಸಂಗೀತಗಾರನ ಎದೆ ಧಸಕ್ಕೆಂದಿತು. ಎಲ್ಲೋ ಕೇಳಿದ ರಾಗ ತನಗೇ ಗೊತ್ತಿಲ್ಲದೆ ಚರಣದೊಳಗೆ ನುಸುಳಿಬಿಟ್ಟಿತೇ? ಆ ಎರಡನೇ ಸಾಲಿನ ತಿರುವು ತೀರಾ ಸಲೀಸಾಗಿ ಬಂದಿತ್ತು, ಆಗಲೇ ಅನುಮಾನ ಪಡಬೇಕಿತ್ತು. ಬೆವರು ಒರೆಸಿಕೊಂಡು ವಿವರ ತೆರೆದ. ಕದ್ದ ಹಾಡು: ಅವನದೇ. ಹಾಡಿದವರು: ಅವನೇ. ಕದ್ದ ಭಾಗ: ಮೊದಲ ಸೆಕೆಂಡಿನಿಂದ ಕೊನೆಯ ಸೆಕೆಂಡಿನವರೆಗೆ. ಮಾಲು ಸಮೇತ ಸಿಕ್ಕಿಬಿದ್ದಿದ್ದ.

(ಅವನಿಗೆ ಇಲ್ಲಿ ಹೆಸರಿಟ್ಟಿಲ್ಲ. ಇಟ್ಟರೆ ಆ ಹೆಸರಿನ ಮೇಲೂ ಯಾರಾದರೂ ಕ್ಲೇಮ್, ಅಂದರೆ ‘ಇದು ನಮ್ಮದು’ ಎಂಬ ಹಕ್ಕಿನ ದೂರು, ಹಾಕಿಯಾರು.)

ದೂರು ಕೊಟ್ಟದ್ದು ಯಾರು ಅಂತೀರಿ? ಅವನೇ ದುಡ್ಡು ಕಟ್ಟಿ ಗೊತ್ತುಮಾಡಿಕೊಂಡ ಡಿಸ್ಟ್ರಿಬ್ಯೂಟರ್, ಅಂದರೆ ಹಾಡುಗಳನ್ನು ಆನ್‌ಲೈನ್ ತಾಣಗಳಿಗೆ ತಲುಪಿಸುವ ಕಂಪನಿ. ಯೂಟ್ಯೂಬ್‌ನಲ್ಲಿ 2007ರಿಂದ ಕಂಟೆಂಟ್ ಐಡಿ ಎಂಬ ಕಾವಲುಗಾರ ಕೂತಿದ್ದಾನೆ. ಹಾಡಿನ ಬೆರಳಚ್ಚು ಅವನ ಕೈಗಿಟ್ಟರೆ, ಆ ಹಾಡು ಯಾರ ವಿಡಿಯೊದಲ್ಲಿ ಕೇಳಿಸಿದರೂ ಹಿಡಿಯುತ್ತಾನೆ. ಆಮೇಲೆ ವಿಡಿಯೊ ಮುಚ್ಚಬೇಕೋ, ಅದರ ಜಾಹೀರಾತಿನ ದುಡ್ಡನ್ನು ತನ್ನತ್ತ ತಿರುಗಿಸಿಕೊಳ್ಳಬೇಕೋ, ಸುಮ್ಮನೆ ಲೆಕ್ಕ ಇಡಬೇಕೋ ಎಂಬುದು ಹಕ್ಕುದಾರನ ಇಷ್ಟ. ಆದರೆ ಈ ಕಾವಲುಗಾರನಿಗೆ ಬಿಡಿ ಮನುಷ್ಯರ ಸಹವಾಸ ಆಗುವುದಿಲ್ಲ. ರಾಶಿಗಟ್ಟಲೆ ಹಾಡು ಇಟ್ಟುಕೊಂಡ ದೊಡ್ಡವರ ಜೊತೆಗಷ್ಟೇ ವ್ಯವಹಾರ. ಒಂಟಿ ಹಾಡುಗಾರ ಡಿಸ್ಟ್ರಿಬ್ಯೂಟರ್‌ನ ಬೆನ್ನ ಹಿಂದೆ ನಿಂತೇ ಒಳಗೆ ಹೋಗಬೇಕು, ಬಂದ ದುಡ್ಡಿನಲ್ಲಿ ಆ ಬೆನ್ನಿಗೂ ಒಂದು ಪಾಲು ಕೊಡಬೇಕು.

ಹಾಗೆ ಹೋದ. ಬೆರಳಚ್ಚು ಕೊಟ್ಟ. ಕಾವಲುಗಾರ ಮೊದಲು ಹಿಡಿದದ್ದು ಇವನನ್ನೇ. ನಿಯತ್ತಿನ ಕಾವಲುಗಾರ, ಪಾಪ, ಅವನದೇನು ತಪ್ಪು? ಹಾಡಿನ ಗುರುತು ಕೊಟ್ಟಿದ್ದರು, ಹಾಡುಗಾರನ ಮುಖ ಯಾರೂ ತೋರಿಸಿರಲಿಲ್ಲ.

ಸರಿ, ಬಿಡಿಸಿಕೊಂಡರಾಯಿತು. ಈ ಚಾನೆಲ್ ನಮ್ಮವರದೇ, ಮುಟ್ಟಬೇಡಿ ಎಂದು ಬರೆದಿಡುವ ಪಟ್ಟಿಯೊಂದಿದೆ. ಅದರಲ್ಲಿ ಹೆಸರು ಸೇರಿಸಿ ಎಂದು ಡಿಸ್ಟ್ರಿಬ್ಯೂಟರ್‌ಗೆ ಬರೆದರೆ ಸಾಕು. ಬರೆಯಲು ಕೂತವನಿಗೆ ಥಟ್ಟನೆ ಒಂದು ಲೆಕ್ಕ ನೆನಪಾಯಿತು. ಯೂಟ್ಯೂಬ್ ತನ್ನ ಪಾಲುದಾರರಿಗೆ ಮಾಮೂಲಿ ವಿಡಿಯೊಗಳ ಜಾಹೀರಾತಿನ ದುಡ್ಡಲ್ಲಿ ಶೇ 55 ಕೊಡುತ್ತದೆ. ಆ ಪಾಲುದಾರಿಕೆಗೆ 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ. ಅದಾಗದಿದ್ದರೆ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ನಾಲ್ಕು ನಿಮಿಷದ ಹಾಡೊಂದನ್ನೇ ನಂಬಿಕೊಂಡರೆ 4,000 ಗಂಟೆಯಾಗಲು ಅದನ್ನು 60,000 ಸಲ ಪೂರ್ತಿ ಕೇಳಬೇಕು. ಪೂರ್ತಿ ಅಂದರೆ ಪೂರ್ತಿ, ಪಲ್ಲವಿ ಮುಗಿದ ಕೂಡಲೇ ಎದ್ದು ಹೋಗುವ ಹಾಗಿಲ್ಲ. ಇವನ ಅಮ್ಮ ದಿನಕ್ಕೆ ಮೂರು ಸಲ ಕೇಳುತ್ತಾರೆ. ಅವರೊಬ್ಬರಿಂದಲೇ ಆಗಬೇಕೆಂದರೆ ಸುಮಾರು 55 ವರ್ಷ ಬೇಕು.

ಚಾನೆಲ್ ಸಣ್ಣದು ಅಂತ ಜಾಹೀರಾತು ಬರದೆ ಇರುತ್ತದೆಯೇ? ಬರುತ್ತದೆ. ಪಾಲುದಾರರಲ್ಲದವರ ವಿಡಿಯೊಗಳಿಗೂ ಯೂಟ್ಯೂಬ್ 2020ರ ಕೊನೆಯಿಂದ ಜಾಹೀರಾತು ಹಾಕುತ್ತಿದೆ, ಅದರಲ್ಲಿ ಚಾನೆಲ್‌ನವರಿಗೆ ಬಿಡಿಗಾಸೂ ಇಲ್ಲ. ಅಂದರೆ ಈ ವಿಡಿಯೊದಿಂದ ನಮ್ಮ ಸಂಗೀತಗಾರನ ಜೇಬಿಗೆ ನಾಲ್ಕು ಕಾಸು ಬರುವ ದಾರಿ ಒಂದೇ. ಅವನ ಹಾಡನ್ನು ಯಾರೋ ಕದ್ದಿರಬೇಕು, ಆ ಕಳ್ಳನ ಮೇಲೆ ಕ್ಲೇಮ್ ಬಿದ್ದಿರಬೇಕು. ಸದ್ಯಕ್ಕೆ ಸಿಕ್ಕಿರುವ ಕಳ್ಳ ಅವನೊಬ್ಬನೇ.

ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿ ಯೋಚಿಸಲು ಕೂತ. ಕೂರಲಿ. ಅಷ್ಟರಲ್ಲಿ ನಾವು ಬೇರೆ ಕಳ್ಳರನ್ನು ನೋಡಿಬರೋಣ.

2012ರಲ್ಲಿ ಒಬ್ಬರು ಹೊರಗೆ ಓಡಾಡುತ್ತ ತೆಗೆದ ವಿಡಿಯೊದಲ್ಲಿ ಹಿನ್ನೆಲೆಗೆ ಹಕ್ಕಿಗಳು ಉಲಿದವು. ಕ್ಲೇಮ್ ಬಿತ್ತು. ಹಕ್ಕಿಗಳು ಯಾವ ಕಂಪನಿಗೆ ಸಹಿ ಹಾಕಿಕೊಟ್ಟಿದ್ದವೋ. 2018ರಲ್ಲಿ ಪಿಯಾನೊ ವಾದಕ ಜೇಮ್ಸ್ ರೋಡ್ಸ್ ಬಾಖ್‌ನ ರಚನೆ ನುಡಿಸಿ ಫೇಸ್‌ಬುಕ್‌ಗೆ ಹಾಕಿದರು. ಅದರಲ್ಲಿ 47 ಸೆಕೆಂಡು ಸೋನಿ ಮ್ಯೂಸಿಕ್‌ನದು ಎಂಬ ಕ್ಲೇಮ್ ಬಂತು. ಬಾಖ್ ತೀರಿಕೊಂಡದ್ದು 1750ರಲ್ಲಿ. ನನಗೆ ಮಾತ್ರ ಅದೇ ವರ್ಷ ಆಸ್ಟ್ರೇಲಿಯಾದ ಸಂಗೀತ ತಂತ್ರಜ್ಞರೊಬ್ಬರಿಗೆ ಆದದ್ದೇ ಹೆಚ್ಚು ಇಷ್ಟ. ಅವರು ಹಾಕಿದ್ದು ಹತ್ತು ಗಂಟೆಯ ಬರೀ ‘ಶ್’ ಸದ್ದು, ವೈಟ್ ನಾಯ್ಸ್. ರಾಗವಿಲ್ಲ, ತಾಳವಿಲ್ಲ, ಕಂಪ್ಯೂಟರ್ ಉಗುಳಿದ ಗದ್ದಲ. ಅದರ ಮೇಲೆ ಐದು ಕ್ಲೇಮ್ ಬಿದ್ದವು! ಹಾಡು ಕಟ್ಟಿದವನಿಗೆ ತನ್ನದನ್ನು ತನ್ನದು ಅನ್ನಿಸಿಕೊಳ್ಳಲು ತಿಣುಕಾಟ, ಏನೂ ಇಲ್ಲದ ಸದ್ದಿಗೆ ವಾರಸುದಾರರ ಸಾಲು.

ಲೂಪ್‌ಗಳ, ಅಂದರೆ ಮತ್ತೆ ಮತ್ತೆ ನುಡಿಸಲು ಸಿದ್ಧಮಾಡಿಟ್ಟ ಸಂಗೀತದ ತುಣುಕುಗಳ, ಕತೆ ಇನ್ನೂ ಚೆನ್ನ. ನಮ್ಮವನು ಒಂದು ಡ್ರಮ್ ಲೂಪ್ ಕೊಂಡಿದ್ದ, ರಾಯಲ್ಟಿ ಇಲ್ಲ, ಯಾರು ಬೇಕಾದರೂ ಬಳಸಬಹುದು ಎಂಬ ಮಾತಿನ ಮೇಲೆ. ಯಾರು ಬೇಕಾದರೂ ಎಂದರೆ ಯಾರು ಬೇಕಾದರೂ. ಭೂಮಿಯ ಆ ಬದಿಯಲ್ಲಿ ಇನ್ನೊಬ್ಬನೂ ಅದೇ ಲೂಪ್ ಕೊಂಡು, ಹಾಡು ಮಾಡಿ, ಬೆರಳಚ್ಚು ಮೊದಲು ಒಪ್ಪಿಸಿಬಿಟ್ಟಿದ್ದ. ಹಂಚಿಕೊಂಡ ಲೂಪ್ ಇದ್ದರೆ ಕಂಟೆಂಟ್ ಐಡಿಗೆ ಹಾಕಬೇಡಿ ಎಂದು ಷರತ್ತಿನಲ್ಲಿ ಬರೆದಿರುತ್ತದೆ. ಷರತ್ತು ಓದುವ ತಾಳ್ಮೆ ಇದ್ದವರು ಡ್ರಮ್ ಲೂಪ್ ಯಾಕೆ ಕೊಳ್ಳುತ್ತಾರೆ, ಡ್ರಮ್ಮನ್ನೇ ಕಲಿಯುತ್ತಿದ್ದರು.

ತಕರಾರು ಹೂಡಬಹುದು. ಅದನ್ನು ನೋಡಿ ತೀರ್ಪು ಕೊಡುವವರು ಯಾರು? ಕ್ಲೇಮ್ ಹಾಕಿದವರೇ. ಅವರಿಗೆ 30 ದಿನ ಕಾಲಾವಕಾಶ. ಬೇಗ ತಕರಾರು ಹೂಡಿದರೆ ಅಷ್ಟು ದಿನದ ದುಡ್ಡನ್ನು ಯೂಟ್ಯೂಬ್ ತೆಗೆದಿಟ್ಟು ಗೆದ್ದವರಿಗೆ ಕೊಡುತ್ತದೆ, ಬೈಯುವಾಗ ಇದನ್ನೂ ಹೇಳಬೇಕು. 2021ರ ಮೊದಲ ಆರು ತಿಂಗಳಲ್ಲಿ ಬಿದ್ದ 72 ಕೋಟಿಗೂ ಹೆಚ್ಚು ಕ್ಲೇಮ್‌ಗಳಲ್ಲಿ ತಕರಾರಿಗೆ ಹೋದದ್ದು ಶೇ 1ಕ್ಕಿಂತ ಕಡಿಮೆ ಎಂದು ಯೂಟ್ಯೂಬ್ ಹೆಮ್ಮೆಯಿಂದ ಲೆಕ್ಕ ಕೊಟ್ಟಿತು. ಅದೇ ವರದಿಯ ಪ್ರಕಾರ, ಹಾಗೆ ಹೋದವರಲ್ಲಿ ಸುಮಾರು ಶೇ 60 ಮಂದಿ ಗೆದ್ದಿದ್ದಾರೆ. ತಕರಾರಿಗೇ ಹೋಗದ ಶೇ 99 ಮಂದಿ ಒಪ್ಪಿ ಸುಮ್ಮನಿದ್ದರೋ, ಸುಸ್ತಾಗಿ ಸುಮ್ಮನಿದ್ದರೋ, ಆ ಕಾಲಂ ವರದಿಯಲ್ಲಿಲ್ಲ.

ಕೇಳಿದ ಕೂಡಲೇ ಸಾಕ್ಷಿಯಿಲ್ಲದೆ ನಂಬುವುದೂ ಈ ವ್ಯವಸ್ಥೆಗೆ ಗೊತ್ತು. ಅಮೆರಿಕದಲ್ಲಿ ಇಬ್ಬರು, ಯೂಟ್ಯೂಬ್‌ನಲ್ಲಿ ಇನ್ನೂ ಯಾರೂ ತಮ್ಮದೆಂದು ಹಕ್ಕು ಕೇಳದ ಹಾಡುಗಳನ್ನು ಹೆಕ್ಕಿದರು. 50,000ಕ್ಕೂ ಹೆಚ್ಚು ಹಾಡುಗಳು ನಮ್ಮವೇ ಎಂದರು. ಹೌದೇ, ತಗೊಳ್ಳಿ ಎಂದಿತು ವ್ಯವಸ್ಥೆ. 2021ರಲ್ಲಿ ಆರೋಪಪಟ್ಟಿ ಬೀಳುವ ಹೊತ್ತಿಗೆ 2 ಕೋಟಿ ಡಾಲರ್‌ಗಿಂತ ಹೆಚ್ಚು ಎಣಿಸಿಕೊಂಡಿದ್ದರು. ತಪ್ಪೊಪ್ಪಿಕೊಂಡರು, ಜೈಲಿಗೂ ಹೋದರು. ಆದರೆ ಕಸುಬು ಗೊತ್ತಿದ್ದವರು ಅವರೇ. ಹಾಡಿನಿಂದ ದುಡ್ಡು ಮಾಡಲು ಹಾಡಲೇಬೇಕು ಎಂಬ ಮೂಢನಂಬಿಕೆ ಅವರಿಗಿರಲಿಲ್ಲ.

ಇನ್ನು ದುಡ್ಡು ಬಂದರೂ ಮನೆ ಮುಟ್ಟುವ ಚೆಂದ ನೋಡಬೇಕು. ಯೂಟ್ಯೂಬ್ ಪಾಲುದಾರರಿಗೆ ದುಡ್ಡು ಕೊಡುವುದು ಗೂಗಲ್‌ನ ಆಡ್‌ಸೆನ್ಸ್ ಖಾತೆಯ ಮೂಲಕ. ಅದರಲ್ಲಿ 10 ಡಾಲರ್ ಸೇರಿದಾಗ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಒಂದು ಕಾಗದ ಬರುತ್ತದೆ, ಅಂಚು ಹರಿದು ಬಿಡಿಸಿದರೆ ಒಳಗೆ ಆರಂಕಿಯ ಪಿನ್. ಗದ್ದಲದ ನಡುವೆ ನಾಲ್ಕು ಸೆಕೆಂಡು ಕೇಳಿದ ಡ್ರಮ್ ಯಾರದೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುವ ಯಂತ್ರ, ನಿಮ್ಮ ಮನೆ ಎಲ್ಲಿದೆ ಎಂದು ತಿಳಿಯಲು ಅಂಚೆಯಣ್ಣನನ್ನು ಕಳಿಸುತ್ತದೆ. 100 ಡಾಲರ್ ತುಂಬುವವರೆಗೆ ದುಡ್ಡು ಕೈಗಿಲ್ಲ. ಅಂಥ ಕಾಗದ ಬಂದರೆ ಜೋಪಾನವಾಗಿ ಎತ್ತಿಡಬೇಕೆಂದು ನಮ್ಮವನು ಕಾಯುತ್ತಿದ್ದಾನೆ, ಸಂಗೀತದಿಂದ ಅವನ ಕೈಗೆ ಬರಬಹುದಾದ ಮೊದಲ ವಸ್ತು ಅದೇ.

ಅಂದಹಾಗೆ, ಅವನು ಕೊನೆಗೂ ಡಿಸ್ಟ್ರಿಬ್ಯೂಟರ್‌ಗೆ ಬರೆದ. ಎರಡು ವಾರ ಬಿಟ್ಟು ಉತ್ತರ ಬಂತು: ‘ನಿಮ್ಮ ಕೋರಿಕೆ ತಲುಪಿದೆ. ಹಾಡಿನ ಹಕ್ಕುದಾರರ ಒಪ್ಪಿಗೆ ಕೇಳಿದ್ದೇವೆ, ದಯವಿಟ್ಟು ಕಾಯಿರಿ.’ ಅದರ ಹಿಂದೆಯೇ ಇನ್ನೊಂದು: ‘ಮಾನ್ಯ ಹಕ್ಕುದಾರರೇ, ಒಂದು ಚಾನೆಲ್‌ನವರು ನಿಮ್ಮ ಹಾಡು ಬಳಸಿ ಸಿಕ್ಕಿಬಿದ್ದು, ಬಿಟ್ಟುಬಿಡಿ ಎಂದು ಕೇಳುತ್ತಿದ್ದಾರೆ. ಬಿಡೋಣವೇ?’

ಆ ಚಾನೆಲ್ ತೆರೆದು ನೋಡಿದ. ಚಂದಾದಾರರು 312. ಇಷ್ಟು ಸಣ್ಣ ಚಾನೆಲ್‌ನವನನ್ನು ಬಿಟ್ಟರೆ ತನಗೇನು ಸಿಗುತ್ತದೆ?

‘ಬಿಡಬೇಡಿ’ ಎಂದು ಬರೆದು ಕಳಿಸಿದ.