‘ಅದು ಬೇಕಾದಷ್ಟಿದೆ ಬಿಡಿ’ ಅನ್ನುವವರಿಗೆ

ಇವತ್ತು ಬೆಳಿಗ್ಗೆ ಕೇಳಿದ ಒಂದು ಮಾತಿನಿಂದ ತಲೆ ಕೆಟ್ಟುಹೋಗಿದೆ. ಹೊಸದಾಗಿ ಹಕ್ಕಿ ನೋಡಲು ಶುರು ಮಾಡಿದ ಹುಡುಗಿಯೊಬ್ಬಳು ಪೊದೆಯಲ್ಲಿದ್ದ ಸಣ್ಣ ಹಕ್ಕಿಯನ್ನು ಖುಷಿಯಿಂದ ತೋರಿಸುತ್ತಿದ್ದಳು. ಜೊತೆಗಿದ್ದ ಹಿರಿಯರು ಬೈನಾಕ್ಯುಲರ್ ಕೂಡ ಎತ್ತಲಿಲ್ಲ. "ಅದು ಬೇಕಾದಷ್ಟಿದೆ ಬಿಡಮ್ಮಾ, ಅಪರೂಪದ್ದು ಕಂಡರೆ ಕರಿ" ಅಂದರು. ಹುಡುಗಿಯ ಮುಖ ಸಣ್ಣಗಾಯಿತು. ನನ್ನ ಸಿಟ್ಟು ನಿಮಗೆ ಗೊತ್ತೇ ಇದೆ. ಅಲ್ಲಿ ಜಗಳ ಬೇಡ ಅಂತ ಬಾಯಿ ಮುಚ್ಚಿಕೊಂಡೆ. ಇಲ್ಲಿ ಹೇಳಿಯೇ ಬಿಡುತ್ತೇನೆ.

ಹಳದಿ ಎದೆಯ ಬಂಟಿಂಗ್ ಅಂತ ಒಂದು ಹಾಡುಹಕ್ಕಿ ಇದೆ. ಗಾತ್ರದಲ್ಲಿ ಹೆಚ್ಚುಕಡಿಮೆ ನಮ್ಮ ಗುಬ್ಬಿ. ಬೇಸಿಗೆಯಲ್ಲಿ ಗಂಡಿನ ಮುಖ ಕಪ್ಪು, ನೆತ್ತಿ ಮತ್ತು ಬೆನ್ನು ಕಂದುಗೆಂಪು, ಹೊಟ್ಟೆ ಕಣ್ಣು ಕುಕ್ಕುವ ಹಳದಿ. ಎದೆಗೆ ಅಡ್ಡಲಾಗಿ ಕಂದು ಪಟ್ಟಿ. ಒಂದು ಕಾಲದಲ್ಲಿ ಫಿನ್ಲೆಂಡಿನಿಂದ ಹಿಡಿದು ರಷ್ಯಾದ ಪೂರ್ವದ ತುದಿವರೆಗೆ, ಜಪಾನಿನ ಹೊಕ್ಕೈಡೊ ದ್ವೀಪದಲ್ಲೂ ಇದು ಗೂಡು ಕಟ್ಟುತ್ತಿತ್ತು. ಯುರೋಪ್ ಏಷ್ಯಾ ಎರಡರಲ್ಲೂ ಅತಿ ಜಾಸ್ತಿ ಸಂಖ್ಯೆಯಲ್ಲಿದ್ದ ಹಾಡುಹಕ್ಕಿಗಳಲ್ಲಿ ಇದೂ ಒಂದು. ಆಗ ಇದನ್ನು ನೋಡಿದವರೂ ಬೇಕಾದಷ್ಟಿದೆ ಅಂತಲೇ ಅಂದುಕೊಂಡಿದ್ದರು. ಯಾರು ಚಿಂತೆ ಮಾಡುತ್ತಾರೆ?

2015ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು. 1980ರಿಂದ 2013ರೊಳಗೆ ಇದರ ಸಂಖ್ಯೆ ಶೇಕಡಾ 84ರಿಂದ 95ರಷ್ಟು ಕುಸಿದಿತ್ತು. ಗೂಡು ಕಟ್ಟುವ ಪ್ರದೇಶ ಪಶ್ಚಿಮದಿಂದ ಸುಮಾರು 5,000 ಕಿಲೋಮೀಟರ್ ಹಿಂದೆ ಸರಿದಿತ್ತು. ಫಿನ್ಲೆಂಡಿನಲ್ಲಿ ಈಗ ಇದು ಗೂಡು ಕಟ್ಟುವುದೇ ಇಲ್ಲ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಅಂತ ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ 2004ರವರೆಗೂ ‘ಆತಂಕ ಇಲ್ಲ’ ಅನ್ನುವ ಗುಂಪಿನಲ್ಲಿತ್ತು. ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯಿತು. 2008ರಲ್ಲಿ ಒಂದು, 2013ರಲ್ಲಿ ಇನ್ನೊಂದು, 2017ಕ್ಕೆ ‘ತೀವ್ರ ಅಳಿವಿನಂಚು’. ಅದರ ಕೆಳಗೆ ಉಳಿದಿರುವುದು ನಿರ್ನಾಮವೇ.

ಯಾಕೆ ಹೀಗಾಯಿತು? ಅದರ ಬದುಕಿನ ರೀತಿಯೇ ಅದಕ್ಕೆ ಮುಳುವಾಯಿತು. ಯುರೋಪಿನಲ್ಲಿ ಹುಟ್ಟಿದ ಹಕ್ಕಿಯೂ ನೇರ ದಕ್ಷಿಣಕ್ಕೆ ಹಾರುವುದಿಲ್ಲ. ಮೊದಲು ಪೂರ್ವಕ್ಕೆ ಸೈಬೀರಿಯಾ ದಾಟಿ, ಆಮೇಲೆ ಚೀನಾದ ಮೂಲಕ ಕೆಳಗಿಳಿಯುತ್ತದೆ. ಚೀನಾದ ಯಾಂಗ್ತ್ಸೆ ನದಿ ಕಣಿವೆಯಲ್ಲಿ ತಂಗಿ ಹಳೆ ಗರಿ ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುತ್ತದೆ. ಅಂದರೆ ಎಲ್ಲಾ ಕಡೆಯ ಹಕ್ಕಿಗಳೂ ಹೆಚ್ಚುಕಡಿಮೆ ಒಂದೇ ದಾರಿಗೆ ಬಂದು ಬೀಳುತ್ತವೆ. ಚಳಿಗಾಲದಲ್ಲಿ ಭತ್ತದ ಗದ್ದೆಯಲ್ಲಿ ಕಾಳು ತಿಂದು, ಸಂಜೆಯಾದರೆ ಜೊಂಡಿನ ಪೊದೆಗೆ ಸಾವಿರಗಟ್ಟಲೆ ಒಟ್ಟಿಗೆ ಮಲಗಲು ಬರುತ್ತವೆ. ಬಲೆ ಹಾಕುವವನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕತ್ತಲಲ್ಲಿ ಕಣ್ಣಿಗೇ ಕಾಣದ ತೆಳು ನೂಲಿನ ಬಲೆ ಕಟ್ಟಿದರೆ ಸಾಕು. ಹಕ್ಕಿ ತಾನಾಗಿಯೇ ಬಂದು ಸಿಕ್ಕಿಕೊಳ್ಳುತ್ತದೆ, ಕಾಲು ರೆಕ್ಕೆಯೆಲ್ಲ ಸುತ್ತಿಕೊಂಡು ತಲೆಕೆಳಗಾಗಿ ನೇತಾಡುತ್ತದೆ.

ಹಿಡಿದಿದ್ದು ತಿನ್ನೋಕೆ. ದಕ್ಷಿಣ ಚೀನಾದಲ್ಲಿ ಇದರ ಮಾಂಸಕ್ಕೆ ಭಾರೀ ಬೇಡಿಕೆ ಇತ್ತು. ಅಲ್ಲಿ 1997ರಲ್ಲೇ ಬೇಟೆ ನಿಷೇಧಿಸಿದರು. ಆದರೂ 2001ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯ ಒಂದರಲ್ಲೇ ಸುಮಾರು 10 ಲಕ್ಷ ಹಕ್ಕಿಗಳನ್ನು ತಿಂದಿರಬಹುದು ಅನ್ನುವ ಅಂದಾಜಿದೆ. ಕಾಂಬೋಡಿಯಾದಲ್ಲಿ ಪುಣ್ಯಕ್ಕೆಂದು ಪಂಜರದಿಂದ ಹಾರಿಬಿಡುವುದಕ್ಕೂ ಇವನ್ನು ಹಿಡಿದು ಮಾರಿದ್ದಾರೆ. ಬರೆಯುವಾಗಲೇ ಹೊಟ್ಟೆ ಉರಿಯುತ್ತದೆ.

"ಜೌಗು ಹುಲ್ಲುಗಾವಲು ಹೋಯಿತು, ಕೀಟನಾಶಕ ಬಂತು, ಅದಕ್ಕೇ ಕಡಿಮೆಯಾಗಿದೆ" ಅನ್ನಬಹುದು. ಅದರ ಪಾಲೂ ಇದೆ. ಆದರೆ ಹುಲ್ಲುಗಾವಲು ಚೆನ್ನಾಗಿಯೇ ಉಳಿದ ಕಡೆಯೂ ಹಕ್ಕಿ ಇಲ್ಲವಲ್ಲ!

ಇನ್ನೊಂದು ವಾದ ನನ್ನ ಸ್ನೇಹಿತರದ್ದೇ. ಇರುವ ದುಡ್ಡು ಕಡಿಮೆ, ಜನ ಕಡಿಮೆ, ಆದ್ದರಿಂದ ಅಪಾಯದಲ್ಲಿರುವ ಹಕ್ಕಿಗೆ ಮೊದಲು ಗಮನ ಕೊಡಬೇಕು ಅನ್ನುತ್ತಾರೆ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಹಕ್ಕಿ ಅಪಾಯದಲ್ಲಿದೆ ಅಂತ ಗೊತ್ತಾಗುವುದು ಹೇಗೆ? ಬೇಕಾದಷ್ಟಿದ್ದಾಗ ಯಾರೋ ಎಣಿಸಿಟ್ಟಿದ್ದರೆ ತಾನೇ? ಹಳೆಯ ಲೆಕ್ಕ ಇದ್ದ ಜಾಗಗಳಿಂದಲೇ ಈ ಕುಸಿತ ಬೆಳಕಿಗೆ ಬಂದದ್ದು. ಅಮೆರಿಕದ ಪ್ಯಾಸೆಂಜರ್ ಪಾರಿವಾಳವೂ ಕೋಟಿ ಕೋಟಿ ಇತ್ತು. ಕೊನೆಯದು 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಇಷ್ಟಾದ ಮೇಲೂ ಜಾಸ್ತಿ ಇದ್ದರೆ ಕ್ಷೇಮ ಅಂತ ನಂಬುವವರನ್ನು ಕಂಡರೆ ನನಗೆ ತಡೆಯುವುದಿಲ್ಲ.

ಒಂದು ಮಾತು ಹೇಳಿಕೊಳ್ಳುತ್ತೇನೆ. ಈ ಹಕ್ಕಿಯನ್ನು ನಾನು ಕಣ್ಣಾರೆ ನೋಡಿಲ್ಲ. ಹಾಡನ್ನು ರೆಕಾರ್ಡಿಂಗಿನಲ್ಲಿ ಮಾತ್ರ ಕೇಳಿದ್ದೇನೆ. ನೋಡುವ ಮೊದಲೇ ಮುಗಿದುಹೋದರೆ ಅನ್ನುವ ಭಯ ಇದೆ. ಕೆಲವು ರಾತ್ರಿ ನಿದ್ದೆಯೂ ಕೆಡುತ್ತದೆ.

ಪೂರ್ತಿ ಕೈಬಿಡುವ ಸ್ಥಿತಿ ಇನ್ನೂ ಬಂದಿಲ್ಲ. ನೆಲದಲ್ಲೋ ಕುಳ್ಳ ಪೊದೆಯಲ್ಲೋ ಒಣಹುಲ್ಲಿನ ಗೂಡು ಕಟ್ಟಿ ನಾಲ್ಕೈದು ಮೊಟ್ಟೆ ಇಡುತ್ತದೆ. ಎರಡು ವಾರದೊಳಗೆ ಮರಿ ಹೊರಬರುತ್ತದೆ. ಬಲೆ ನಿಂತರೆ ಚೇತರಿಸಿಕೊಳ್ಳುವ ಶಕ್ತಿ ಇರುವ ಹಕ್ಕಿ ಇದು. 2021ರಲ್ಲಿ ಚೀನಾ ಇದನ್ನು ಮೊದಲ ದರ್ಜೆಯ ರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಕಾಗದದ ಮೇಲಿರುವುದು ಜೊಂಡಿನ ಪೊದೆವರೆಗೂ ತಲುಪಬೇಕು, ಅಷ್ಟೇ.

ನಮ್ಮ ದೇಶದ ಈಶಾನ್ಯಕ್ಕೂ ಇದು ಚಳಿಗಾಲಕ್ಕೆ ಬರುತ್ತದೆ. ಅಸ್ಸಾಂ, ಮಣಿಪುರದ ಕಡೆ ಹೋಗುವವರಿದ್ದರೆ ಗದ್ದೆ, ಜೌಗಿನ ಬದಿಯ ಸಣ್ಣ ಹಕ್ಕಿಗಳ ಗುಂಪನ್ನು ದಯವಿಟ್ಟು ನಿಂತು ನೋಡಿ. ಚಳಿಗಾಲದಲ್ಲಿ ಗಂಡಿನ ಬಣ್ಣವೂ ಮಾಸಿರುತ್ತದೆ, ಹೆಣ್ಣಂತೂ ಗೆರೆ ಗೆರೆಯ ಕಂದು. ಯಾವುದೋ ಗುಬ್ಬಿ ಅಂತ ದಾಟಿಹೋಗುವುದು ಸುಲಭ. ಹುಬ್ಬಿನ ಮೇಲಿನ ತಿಳಿ ಗೆರೆ, ಹೊಟ್ಟೆಯ ಹಳದಿ ನೋಡಿ. ಎಷ್ಟಿವೆ ಅಂತ ಎಣಿಸಿ. ತಾರೀಖು, ಜಾಗ ಸಮೇತ ಅವತ್ತೇ ಈಬರ್ಡ್‌ಗೆ (ನೋಡಿದ ಹಕ್ಕಿಗಳ ಲೆಕ್ಕ ದಾಖಲಿಸುವ ಜಾಲತಾಣ) ಹಾಕಿ. ಪಕ್ಕದಲ್ಲಿರುವ ‘ಬೇಕಾದಷ್ಟಿರುವ’ ಹಕ್ಕಿಗಳನ್ನೂ ಅದೇ ಪಟ್ಟಿಗೆ ಸೇರಿಸಿ.