ಸಿಲಿಂಡರ್‌ಗೆ ಪ್ರವೇಶವಿಲ್ಲ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲೋ ವೈಟ್‌ಫೀಲ್ಡಿನಲ್ಲೋ ಮಾಡ್ಯುಲರ್ ಕಿಚನ್ ಶೋರೂಂ ತೆರೆಯಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಒಂದೇ. ಒಳಗೆ ಯಾರೂ ಅಡುಗೆ ಮಾಡಕೂಡದು. ಮಿಕ್ಕ ವಿನ್ಯಾಸವೆಲ್ಲ ಇದರ ಬೆನ್ನಿಗೇ ಬರುತ್ತದೆ.

ಬಾಗಿಲು ದಾಟಿದ ಕೂಡಲೇ ಐಲ್ಯಾಂಡ್, ಅಂದರೆ ಅಡುಗೆಮನೆಯ ನಡುವೆ ಒಂಟಿಯಾಗಿ ನಿಂತ ಕಟ್ಟೆ, ಕಾಣಬೇಕು. ಗೋಡೆ ಬದಿಯ ಕಟ್ಟೆಗೆ 2 ಅಡಿ, ಓಡಾಡಲು 3 ಅಡಿ, ಐಲ್ಯಾಂಡಿಗೆ ಎರಡೂವರೆ, ಅದರಾಚೆ ಇನ್ನೊಂದು 3 ಅಡಿ, ಅಲ್ಲಿಗೆ ಹತ್ತೂವರೆ ಅಡಿ ಅಗಲ. ಬರುವ ಗಿರಾಕಿಯ ಫ್ಲಾಟಿನಲ್ಲಿ ಅಡುಗೆಮನೆ 8ಕ್ಕೆ 7. ಅಲ್ಲಿ ಐಲ್ಯಾಂಡ್ ಇಟ್ಟರೆ ಬೆಂಡೆಕಾಯಿಯನ್ನು ಹಾಲಿನ ಸೋಫಾದಲ್ಲಿ ಕೂತೇ ಹೆಚ್ಚಬಹುದು. ಇದು ನಿಮಗೂ ಗೊತ್ತು, ಅವರಿಗೂ ಗೊತ್ತು. ಆದರೂ ಇರಲಿ. ಐಲ್ಯಾಂಡ್ ನೋಡಿ ಬಾಯಿಬಿಟ್ಟವರಿಗೆ ಎಲ್ ಆಕಾರದ ಕಟ್ಟೆ ಮಾರುವುದು ಸಲೀಸು. ಮೊದಲೇ ಎಲ್ ತೋರಿಸಿದರೆ ಅವರು ಚದರಡಿಗೆ ಎಷ್ಟು ಎಂದು ಕೇಳಿಬಿಡುತ್ತಾರೆ.

ಬೆಳಕಿಗೆ ಕಂಜೂಸಿ ಬೇಡ. ಮೇಲಿನ ಕಪಾಟಿನ ಅಡಿಗೆ 3000 ಕೆಲ್ವಿನ್ನಿನ ಹೊಂಬಣ್ಣದ ಪ್ರೊಫೈಲ್ ಲೈಟ್ ಹಾಕಿ. ಮನೆಯ 6500 ಕೆಲ್ವಿನ್ನಿನ ಬೆಳ್ಳನೆಯ ಟ್ಯೂಬ್‌ಲೈಟಿನಡಿ ಕಪಾಟಿಗೆ ಅಂಟಿಸಿದ ಅದೇ ಲ್ಯಾಮಿನೇಟು ಹಾಳೆ ಜ್ವರ ಬಂದವರಂತೆ ಕಾಣುತ್ತದೆ, ಅದು ಗೃಹಪ್ರವೇಶದ ನಂತರದ ಮಾತು. ಸ್ಯಾಂಪಲ್ಲನ್ನು ಬಿಸಿಲಿಗೆ ಹಿಡಿದು ನೋಡುತ್ತೇನೆ ಎನ್ನುವವರು ಬಂದರೆ ತಕ್ಷಣ ಕಾಫಿ ತರಿಸಿ.

ಡ್ರಾಯರ್‌ಗಳು ಖಾಲಿಯಿರಲಿ. 30 ಕೆ.ಜಿ. ಹೊರುವ ಟ್ಯಾಂಡೆಮ್ ಬಾಕ್ಸ್ ಡ್ರಾಯರು ಖಾಲಿಯಿದ್ದಾಗ ಕಿರುಬೆರಳು ಸೋಕಿದರೂ ಸದ್ದಿಲ್ಲದೆ ಒಳಗೆ ಸರಿಯುತ್ತದೆ. ಅದೇ ಡ್ರಾಯರಿಗೆ 25 ಕೆ.ಜಿ. ಸೋನಾ ಮಸೂರಿಯ ಮೂಟೆ, ಪಕ್ಕದಲ್ಲೊಂದು ಐದು ಕೆ.ಜಿ. ತೊಗರಿಬೇಳೆ ಡಬ್ಬ ಇಟ್ಟರೆ ಲೆಕ್ಕ ಮುಗಿಯಿತು. ಡ್ರಾಯರು ಸರಿಯುವ ಹಳಿಯ, ಅಂದರೆ ಚಾನೆಲ್ಲಿನ, ಸ್ಕ್ರೂ ಕಚ್ಚಿರುವುದು ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿಗಾದರೆ ಕೆಲ ತಿಂಗಳಲ್ಲೇ ಅದು ಪುಡಿಯೊಡನೆ ಕಿತ್ತು ಬರುತ್ತದೆ. ಹಾಗಾಗಿ ಡಿಸ್‌ಪ್ಲೇ ಡ್ರಾಯರಿನಲ್ಲಿ ಎರಡು ಬಿಳಿ ತಟ್ಟೆ, ಮೂರು ಪ್ಲಾಸ್ಟಿಕ್ ನಿಂಬೆಹಣ್ಣು ಸಾಕು.

ಈಗ ಮುಖ್ಯ ವಿಷಯ, ಸಿಲಿಂಡರ್. ಮನೆಮನೆಯಲ್ಲೂ ಇರುವ ಈ ವಸ್ತುವಿಗೆ ಶೋರೂಮಿನಲ್ಲಿ ಬಹಿಷ್ಕಾರ. 14.2 ಕೆ.ಜಿ. ಗ್ಯಾಸು, ಖಾಲಿ ಸಿಲಿಂಡರಿನ ತೂಕ ಸೇರಿ 30 ಕೆ.ಜಿ. ಆಸುಪಾಸು. ಅದನ್ನು ಉರುಳಿಸಿಕೊಂಡು ಬರುವಾಗ ಕಪಾಟಿನ ಅಡಿಹಲಗೆ ಅಡ್ಡ ಬರಬಾರದು. ನೆಲದ ಮೇಲೇ ನಿಲ್ಲಬೇಕು, ಇಲ್ಲವೇ ಟ್ರಾಲಿ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ತಳದಲ್ಲೇ ಕೂರುತ್ತದೆ, ಅದಕ್ಕೇ ಕಪಾಟಿನ ಬಾಗಿಲಿಗೆ ಕೆಳಗಡೆ ಗಾಳಿಕಿಂಡಿ ಇರಬೇಕು. ಆದರೆ ಹೊಳೆಯುವ ಅಕ್ರಿಲಿಕ್ ಬಾಗಿಲಿಗೆ ತೂತು ಕೊರೆದರೆ ಲುಕ್ ಕೆಡುತ್ತದಲ್ಲ! ಆದ್ದರಿಂದ ಕೊರೆಯಬೇಡಿ. ಸಿಲಿಂಡರ್ ಎಲ್ಲಿಡುವುದು ಎಂದು ಯಾರಾದರೂ ಕೇಳಿದರೆ ‘ಯುಟಿಲಿಟೀಲಿ ಇಟ್ಕೊಳ್ಳಿ ಮೇಡಂ’ ಅನ್ನಿ. ಯುಟಿಲಿಟಿಯಲ್ಲಿ ಆಗಲೇ ವಾಷಿಂಗ್ ಮಷೀನು, ಗ್ರೈಂಡರು, ಪಾತ್ರೆ ತೊಳೆಯುವ ಸಿಂಕು ಇವೆ ಎಂಬುದು ನಿಮ್ಮ ಡ್ರಾಯಿಂಗಿನಲ್ಲಿ ಇರುವುದಿಲ್ಲ.

ಒಲೆಗೆ ಗಾಜಿನ ಹಾಬ್. ಸುಮಾರು 34 ಇಂಚು ಎತ್ತರದ ಕಟ್ಟೆ, ಅದರ ಮೇಲೆ ಪಾತ್ರೆಯ ಸ್ಟ್ಯಾಂಡು, ಅದರ ಮೇಲೆ ಮುದ್ದೆ ಪಾತ್ರೆ. ಮುದ್ದೆ ತಿರುವುವವರು ಕೋಲಿನ ಮೇಲೆ ಮೈಭಾರ ಬಿಡಬೇಕು. ಕೈ ಭುಜದೆತ್ತರಕ್ಕೆ ಹೋದರೆ ಬಲವೆಲ್ಲಿ, ಗಂಟಿಲ್ಲದ ಮುದ್ದೆಯೆಲ್ಲಿ? ಒಲೆಯ ಭಾಗವನ್ನಷ್ಟೇ ನಾಲ್ಕೈದು ಇಂಚು ತಗ್ಗಿಸಿದರೆ ಮುಗಿಯುವ ಸಮಸ್ಯೆ. ಆದರೆ ಕಟ್ಟೆಯ ಗೆರೆ ಮುರಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ. ಮಂಡ್ಯ, ಹಾಸನದ ಗಿರಾಕಿಗಳಿಗೆ ಪಾಸ್ತಾ ಕಲಿಯಲು ಹೇಳಿ.

ಚಿಮಣಿಗೆ ಡಕ್ಟ್ ಜೋಡಿಸುವ ಖರ್ಚು ದಂಡ. ದೀಪ ಹತ್ತಿದರೆ, ಕೈ ಬೀಸಿದಾಗ ಗುಂಯ್ ಎಂದರೆ ಸಾಕು. ಮನೆಯಲ್ಲಿ ಆರಿಂಚಿನ ಪೈಪು ಎರಡು ಕಡೆ ಬಾಗಿ, ಕಿಟಕಿಯ ಸಣ್ಣ ತೂತಿನಲ್ಲಿ ಹಿಂಡಿಕೊಂಡು ಹೊರಹೋಗುವಾಗ ಎಳೆತ ಕುಗ್ಗಿ, ಒಣಮೆಣಸಿನಕಾಯಿ ಒಗ್ಗರಣೆಗೆ ಇಡೀ ಮನೆ ಕೆಮ್ಮುತ್ತದೆ. ಆಗ ‘ಫಿಲ್ಟರ್ ಕ್ಲೀನ್ ಮಾಡಿದ್ರಾ ಸರ್?’ ಎಂದು ಕೇಳುವುದು ವಾಡಿಕೆ.

ನಲ್ಲಿ ಮ್ಯಾಟ್ ಕಪ್ಪು, ಸಿಂಕ್ ಕ್ವಾರ್ಟ್ಜ್ ಕಪ್ಪು. ನೀರಿನ ಸಂಪರ್ಕ ಬೇಡ. ಬೋರ್‌ವೆಲ್ಲಿನ ಗಡಸು ನೀರು ಒಂದೇ ವಾರ ಹರಿದರೂ ಎರಡಕ್ಕೂ ವಿಭೂತಿ ಬಳಿದಂತಾಗುತ್ತದೆ. ಶೋರೂಮಿನಲ್ಲಿ ನೀರಿಗೆ ಜಾಗವಿರುವುದು ಒಂದೇ ಕಡೆ, ರಿಸೆಪ್ಷನ್ ಮೇಜಿನ ಗಾಜಿನ ಜಾಡಿಯಲ್ಲಿ. ಅದರಲ್ಲೊಂದು ಪ್ಲೈವುಡ್ ತುಂಡು ಮುಳುಗಿರುತ್ತದೆ. ನೀರು ತಡೆಯುವ ಪ್ಲೈವುಡ್ಡಿನ ಭಾರತೀಯ ಮಾನಕವಾದ ಐಎಸ್ 710ರ ಮುದ್ರೆಯ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು, ಹಾಗಾಗಿ ಆ ತುಂಡು ಜಾಡಿಯಲ್ಲಿ ಆರಾಮಾಗಿದೆ. ಸಿಂಕಿನಡಿಯ ಕಪಾಟಿಗೆ ಬರುವ ಹಲಗೆಗೂ ಆ ತುಂಡಿಗೂ ಏನು ನಂಟು ಎಂದು ಕೇಳುವ ಗಿರಾಕಿ ಅಪರೂಪ. ಕೇಳಿದರೂ ಹಲಗೆಯ ಮುದ್ರೆ ಲ್ಯಾಮಿನೇಟಿನಡಿ ಮುಚ್ಚಿಹೋಗಿರುತ್ತದೆ. ಸಿಂಕಿನ ಕೊಳಾಯಿಗೆ ಜೋಡಿಸಿದ ಬಾಟಲ್ ಟ್ರ್ಯಾಪ್ ತೊಟ್ಟಿಕ್ಕಿದಾಗಲೇ ಆ ಹಲಗೆಯ ಜಾತಕ ಬಯಲಾಗುವುದು.

ವಾಸ್ತು ಮರೆಯಬೇಡಿ. ಒಲೆ ಆಗ್ನೇಯಕ್ಕೆ, ಸಿಂಕ್ ಈಶಾನ್ಯಕ್ಕೆ. ಬಿಲ್ಡರ್ ಪೈಪನ್ನು ನೈಋತ್ಯಕ್ಕೆ ಕೊಟ್ಟಿದ್ದರೆ ಮೊಬೈಲ್ ದಿಕ್ಸೂಚಿ ಹಿಡಿದು ಸ್ವಲ್ಪ ತಿರುಗಿ ನಿಂತರಾಯಿತು.

ಸಿಬ್ಬಂದಿಯ ಪ್ಯಾಂಟ್ರಿಗೆ ಮಾತ್ರ ಬೀಗ ಹಾಕಿಡಿ. ನಿಮ್ಮಲ್ಲಿ ದಿನವೂ ಕೆಲಸ ಮಾಡುವ ಏಕೈಕ ಅಡುಗೆಮನೆ ಅದು: ಕಪ್ಪು ಗ್ರಾನೈಟ್ ಚಪ್ಪಡಿ, ಸ್ಟೀಲ್ ಸಿಂಕು, ಎರಡು ಬರ್ನರಿನ ಸ್ಟವ್, ಕೆಳಗೆ ಬಾಗಿಲೇ ಇಲ್ಲದ ಜಾಗದಲ್ಲಿ ಸಿಲಿಂಡರು. ಯಾರಾದರೂ ಇಣುಕಿ ನೋಡಿ ‘ಇಂಥದ್ದೇ ಮಾಡಿಕೊಡಿ’ ಎಂದರೆ ಗ್ರಾನೈಟಿನವನಿಗೆ ಲಾಭ, ನಿಮಗಲ್ಲ.

ಕೊಟೇಷನ್ನಿನ ಮೊದಲ ಪುಟದಲ್ಲಿ ತ್ರೀಡಿ ಚಿತ್ರ, ಅದರಲ್ಲಿ ಹಬೆಯಾಡುವ ಕಾಫಿ ಕಪ್ಪು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರ: ಗ್ರಾನೈಟ್, ಟೈಲ್ಸ್, ಪ್ಲಂಬಿಂಗ್, ವೈರಿಂಗ್, ಸಿಂಕ್, ನಲ್ಲಿ, ಹಾಬ್, ಚಿಮಣಿ ಈ ದರದಲ್ಲಿ ಸೇರಿಲ್ಲ. ಜಿಎಸ್‌ಟಿ ಪ್ರತ್ಯೇಕ. ಅದರ ಕೆಳಗೆ ದಪ್ಪಕ್ಷರದಲ್ಲಿ ಹತ್ತು ವರ್ಷದ ವಾರಂಟಿ, ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ. ಆ ನಕ್ಷತ್ರದ ಅರ್ಥ: ನೀರು, ಬಿಸಿ, ಹಬೆ, ಎಣ್ಣೆ ಮತ್ತು ಜಿರಲೆಯಿಂದಾದ ಹಾನಿಗೆ ಅನ್ವಯಿಸುವುದಿಲ್ಲ.